ಬಿಳಿಗಣ್ಣೋ, ಹಳದಿಗಣ್ಣೋ: ಹೊಸಕೋಟೆ ಕೆರೆಯಲ್ಲಿ ಮೂರನೇ ಚಳಿಗಾಲ

ಈ ಕೆರೆಯ ಬಾತುಗಳನ್ನು ದೂರದರ್ಶಕದಲ್ಲಿ ನೋಡುವಾಗ ಮೂರು ಚಳಿಗಾಲ ಸತಾಯಿಸಿದ ಮಬ್ಬಿಗೆ ಕೊನೆಗೂ ಕಾರಣ ಸಿಕ್ಕಿತು. ಅದು ದೂರದರ್ಶಕದಲ್ಲಿರಲಿಲ್ಲ, ಕೆರೆಯಲ್ಲಿರಲಿಲ್ಲ, ನನ್ನ ಕನ್ನಡಕದಲ್ಲೂ ಇರಲಿಲ್ಲ. ಎಲ್ಲಿತ್ತೆಂದು ಹೇಳಲು ನಾಚಿಕೆ. ಆದರೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಈ ಸಲ ಬಂದ ವಲಸೆ ಹಕ್ಕಿಗಳ ವರದಿ ಚುಟುಕಾಗಿದೆ. ಎಂದಿನಂತೆ ಬಿಳಿಹುಬ್ಬಿನ ಬಾತುಗಳು ಮೊದಲು, ಅವುಗಳ ಬೆನ್ನಿಗೇ ಸೂಜಿಬಾಲದವು, ಸಲಿಕೆಯಂಥ ಕೊಕ್ಕಿನ ಚಲುಕದವು. ಕೆಸರಂಚಿನಲ್ಲಿ ಕರಿಬಾಲದ ಹಿನ್ನೀರ ಗೊರವಗಳು ಒಂಟಿಕಾಲಲ್ಲಿ ನಿದ್ದೆ ಹೊಡೆಯುತ್ತಿವೆ. ತಾವು ಅಪಾಯದಂಚಿನ ಪಟ್ಟಿಯಲ್ಲಿರುವ ಚಿಂತೆ ಅವಕ್ಕಿದ್ದಂತೆ ಕಾಣಲಿಲ್ಲ.

ನನ್ನ ಚಿಂತೆ ಅದೇ ಪಟ್ಟಿಯ ಇನ್ನೊಂದು ಹಕ್ಕಿಯದು: ಫೆರುಜಿನಸ್ ಬಾತು. ಗಂಡಿನ ಕಣ್ಣು ಅಚ್ಚ ಬಿಳಿ. ನೋಡಿದರೆ ಸಂದೇಹವೇ ಉಳಿಯುವುದಿಲ್ಲ. ತಲೆನೋವು ಹೆಣ್ಣಿನದು. ಕಂದು ಮೈ, ಬಾಲದಡಿ ಬಿಳಿ ಎಂದು ಪಟ್ಟನೆ ಬರೆದುಕೊಂಡರೆ ಕೆಟ್ಟಿರಿ. ಜುಟ್ಟಿನ ಬಾತಿನ ಹೆಣ್ಣುಗಳಲ್ಲೂ ಕೆಲವಕ್ಕೆ ಬಾಲದಡಿ ಬಿಳಿ ಇರುತ್ತದೆ, ಜುಟ್ಟು ನೆಪಕ್ಕೆ ನಾಲ್ಕು ಕೂದಲು. ಉಳಿಯುವುದು ಕಣ್ಣು: ಜುಟ್ಟಿನದಕ್ಕೆ ಹಳದಿ, ಫೆರುಜಿನಸ್ ಹೆಣ್ಣಿಗೆ ಕಡುಕಂದು. ಇನ್ನೂರು ಮೀಟರ್ ದೂರದಲ್ಲಿ ಸಾಸಿವೆ ಕಾಳಿನಷ್ಟೂ ಕಾಣದ ಕಣ್ಣು. ಫೋಕಸ್ ಕೂಡಿಬರುವ ಹೊತ್ತಿಗೆ ಸರಿಯಾಗಿ ಬಾತು ಮುಳುಗು ಹಾಕುತ್ತದೆ, ಏಳುವುದು ಬೇರೆಲ್ಲೋ.

ಆ ಕಣ್ಣಿರಬೇಕಾದ ಜಾಗದಲ್ಲಿ ನನಗೆ ಕಾಣುತ್ತಿದ್ದುದು ಕಲಸಿದ ಕಂದು ಮಸಿ. ಇಪ್ಪತ್ತು ಪಟ್ಟು ಹಿಗ್ಗಿಸಿದಾಗ ಹೇಗೋ ಸಹಿಸಬಹುದು, ಅರವತ್ತಕ್ಕೆ ತಿರುಗಿಸಿದರೆ ಬಾತಿನ ತಲೆ ಕುದಿಯುವ ಸಾರಿನ ಮೇಲೆ ತೇಲಿದಂತೆ ನಡುಗುತ್ತಿತ್ತು. ಬಿಸಿಲೇರಿದ ಮೇಲಾದರೆ ಸರಿ, ಎಲ್ಲರಿಗೂ ಗೊತ್ತಿರುವ ಝಳ. ಆದರೆ ಡಿಸೆಂಬರಿನ ಬೆಳಗ್ಗೆ ಏಳೂವರೆಗೆ? ಮಂಜು ಕರಗುವವರೆಗೆ ಕಾದೆ, ಮಬ್ಬು ಹೋಗಲಿಲ್ಲ. ಚಿತ್ರ ತೆಗೆಯಲು ಮೊಬೈಲನ್ನು ದೂರದರ್ಶಕಕ್ಕೆ ಕೂಡಿಸುವ ಹಿಡಿಕೆಯ ಮೇಲೆ ಗುಮಾನಿ ಪಟ್ಟೆ. ಅದರ ಉಂಗುರ ಎರಡು ಮಿಲಿಮೀಟರ್ ಸಡಿಲವಿತ್ತು ನಿಜ. ಸಾಗಣೆಯಲ್ಲಿ ಹಿಗ್ಗಿರಬಹುದು ಎಂದು ಮಾರಿದವನು ಗಂಭೀರವಾಗಿ ಉತ್ತರಿಸಿದ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿಕೊಂಡೆ. ಮಸೂರಗಳ ಜೋಡಣೆ ತಪ್ಪಿದೆಯೆಂದು ದೂರದರ್ಶಕವನ್ನೇ ದುರಸ್ತಿಗೆ ಕಳಿಸಿದೆ. ಐದು ವಾರದ ನಂತರ ಒರೆಸಿದ ಗಾಜು, ಒಂದು ಬಟ್ಟೆಯ ತುಂಡು ಮತ್ತು ಬಿಲ್ಲಿನೊಂದಿಗೆ ಮರಳಿತು. ಮಬ್ಬು ಹಾಗೇ ಇತ್ತು.

ಕಳೆದ ಭಾನುವಾರ ಕಾರು ಗ್ಯಾರೇಜಿನಲ್ಲಿತ್ತು. ಬೈದುಕೊಳ್ಳುತ್ತಾ ಬಸ್ ಹಿಡಿದು ಹೋದೆ, ಏರಿಯ ಮೇಲೆ ಮುಕ್ಕಾಲಿ ಊರಿದೆ, ಕಣ್ಣಿಟ್ಟೆ. ಬಾತಿನ ಕೊಕ್ಕಿನ ತುದಿಯ ಕಪ್ಪು ಕೂಡ ಕಾಣುತ್ತಿತ್ತು!

ಇನ್ನು ತಪ್ಪೊಪ್ಪಿಗೆ. ಪ್ರತಿ ಸಲ ಮೂವತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಚಳಿಗಾಳಿಗೆ ಮರೆಯಾಗಲೆಂದು ಕಾರನ್ನು ನೀರಿನತ್ತ ಮುಖ ಮಾಡಿ ನಿಲ್ಲಿಸಿ, ಅದರ ಹಿಂದೆ ಮುಕ್ಕಾಲಿ ಹೂಡುತ್ತಿದ್ದೆ. ಚಹಾದ ಫ್ಲಾಸ್ಕು ಬಾನೆಟ್ಟಿನ ಮೇಲೆ. ಬಾನೆಟ್ ಬೆಚ್ಚಗಿದೆ, ಚಹಾ ಆರುವುದಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಆ ಬಿಸಿ ಲೋಹದಿಂದ ಏಳುವ ಗಾಳಿ ಸುತ್ತಲಿನ ತಣ್ಣನೆಯ ಗಾಳಿಯೊಂದಿಗೆ ಕಲೆತು ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ಅದರ ಮೇಲಿಂದಲೇ ನಾನು ಬಾತಿನ ಕಣ್ಣು ಹುಡುಕುತ್ತಿದ್ದೆ. ಬುಧವಾರ ಕಾರು ಬಂದ ಮೇಲೆ ಪರೀಕ್ಷೆಗೆಂದೇ ಹೋದೆ. ಬಾನೆಟ್ಟಿನ ಹಿಂದೆ ನಿಂತರೆ ಸಾರು, ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಬಾತು.

ಗೆದ್ದ ಅಮಲಿನಲ್ಲಿ ಮುಂದಿನ ಹುಚ್ಚಿಗೂ ಕೈ ಹಾಕಿದ್ದೇನೆ: ಹೂಕುಂಡದ ತಳದಲ್ಲಿ ಮೈಕ್ ಕೂರಿಸಿ ತಾರಸಿಯಲ್ಲಿಟ್ಟು, ರಾತ್ರಿ ಊರ ಮೇಲೆ ಹಾದುಹೋಗುವ ವಲಸೆ ಹಕ್ಕಿಗಳ ಕೂಗನ್ನು ಮುದ್ರಿಸುವುದು. ಮೊದಲ ರಾತ್ರಿಯ ಫಲ: ಬೀದಿನಾಯಿಗಳು, ಪಕ್ಕದ ಮನೆಯ ಬೋರ್‌ವೆಲ್ ಮೋಟಾರು, ಐದು ಗಂಟೆಗೆ ಯಾರದೋ ಕುಕ್ಕರಿನ ಮೂರು ಸೀಟಿ.

ಮತ್ತೆ ಬಾತಿಗೆ. ಆ ಭಾನುವಾರ ಕಂಡ ಕಣ್ಣು ಹಳದಿ. ತಲೆಯ ಹಿಂದೆ ಗಾಳಿಗೆದ್ದ ಚೂರು ಜುಟ್ಟು. ಹಾಗಾದರೆ ಹಿಂದಿನ ಚಳಿಗಾಲಗಳಲ್ಲಿ ಇದೇ ಮೂಲೆಯಲ್ಲಿ ನಾನು ಎದೆಯುಬ್ಬಿಸಿ ದಾಖಲಿಸಿದ ಫೆರುಜಿನಸ್‌ಗಳು? ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ. 1987ರಿಂದ ನಡೆದುಬಂದ ಲೆಕ್ಕಕ್ಕೆ ನನ್ನ ಬಾನೆಟ್ಟಿನ ಹಕ್ಕಿಗಳನ್ನು ಸೇರಿಸುವುದು ಬೇಡ. ರಾತ್ರಿ ಕುಳಿತು, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಳೆಯ ಪಟ್ಟಿಗಳನ್ನು ತೆರೆದೆ. ನಾಲ್ಕು ಫೆರುಜಿನಸ್‌ಗಳಲ್ಲಿ ಮೂರನ್ನು, ಈ ಎರಡೂ ಬಾತುಗಳು ಸೇರುವ ಬರಿಯ 'ಐಥಿಯಾ' ಕುಲಕ್ಕೆ ಇಳಿಸಿದೆ. ನಾಲ್ಕನೆಯದನ್ನು ಮುಟ್ಟಲಿಲ್ಲ. ಅದು ಗಂಡು, ಚಿತ್ರದಲ್ಲಿ ಬಿಳಿಗಣ್ಣು ಚುಕ್ಕೆಯಿಟ್ಟಂತೆ ಕಾಣುತ್ತದೆ. ಅಂದು ಏರಿಯ ಮೇಲೆ ಜಾಗ ಸಿಗದೆ ಕಾರನ್ನು ಕೆಳಗೇ ಬಿಟ್ಟು ಬಂದಿದ್ದೆ.