ಒಂದು ಮಫಲ್ ಫರ್ನೇಸ್ ಇದ್ದರೆ ಸಾಕು

ವಾರಕ್ಕೆ 16 ಗಂಟೆ ಪಾಠ ಮಾಡಿಯೂ ಸಂಶೋಧನೆ ಬಿಡದ ಸಣ್ಣ ಕಾಲೇಜಿನ ಫಿಸಿಕ್ಸ್ ಮೇಷ್ಟ್ರುಗಳಿಗೆ ದಹನ ವಿಧಾನ, ಅಂದರೆ ಲೋಹದ ನೈಟ್ರೇಟನ್ನು ಇಂಧನದ ಜೊತೆ ಉರಿಸಿ ನವಿರಾದ ಆಕ್ಸೈಡ್ ಪುಡಿ ಮಾಡೋದು, ನಿಜಕ್ಕೂ ವರ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಹುಟ್ಟಿದ್ದು. ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲರು 1988ರಲ್ಲಿ ಪ್ರಕಟಿಸಿದರು. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, ಇಂಧನವಾಗಿ 8 ಗ್ರಾಂ ಯೂರಿಯಾ, ಕರಗುವಷ್ಟು ನೀರು. 500 ಡಿಗ್ರಿಗೆ ಮೊದಲೇ ಕಾದ ಮಫಲ್ ಫರ್ನೇಸಿನಲ್ಲಿ (ಮುಚ್ಚಿದ ವಿದ್ಯುತ್ ಕುಲುಮೆ) ಇಟ್ಟರೆ ಕುದಿದು, ನೊರೆಯುಬ್ಬಿ, ಭಗ್ಗನೆ ಹೊತ್ತಿಕೊಳ್ಳುತ್ತೆ. ಕೆಲವೇ ನಿಮಿಷದಲ್ಲಿ ಬಟ್ಟಲ ತುಂಬ ಬುರುಗಿನಂಥ ಬಿಳಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್)! ಬಟ್ಟಲು ಮುಕ್ಕಾಲು ಖಾಲಿ ಇರಲಿ. ಕಂದು ಹೊಗೆ ವಿಷ, ಎಕ್ಸಾಸ್ಟ್ ಇಲ್ಲದೆ ಮಾಡಲೇಬಾರದು.

ಕೆಡೋದು ತೂಕದಲ್ಲಿ. ನೈಟ್ರೇಟ್ ಗಾಳಿಯ ತೇವ ಹೀರುತ್ತೆ. ಮುಚ್ಚಳ ಸಡಿಲವಿದ್ದ ಬಾಟಲಿಯಿಂದ ತೂಗಿದ 20 ಗ್ರಾಂನಲ್ಲಿ ನೀರೂ ಸೇರಿರುತ್ತೆ. ಯೂರಿಯಾ ಹೆಚ್ಚಾಗಿ, ಇಂಗಾಲ ಉಳಿದು, ಪುಡಿ ಬೂದು ಬಣ್ಣಕ್ಕೆ ತಿರುಗಬಹುದು.

ಆಮೇಲೆ ಹೊರಗಿನಿಂದ ಮಾಡಿಸಿ ತರೋ ಎಕ್ಸ್‌ಆರ್‌ಡಿ, ಅಂದರೆ ಪುಡಿಯ ಮೇಲೆ ಎಕ್ಸ್-ರೇ ಬಿಟ್ಟು ಅದು ಯಾವ ಕೋನಕ್ಕೆ ಎಷ್ಟು ಚದುರುತ್ತೆ ಅಂತ ತೋರಿಸೋ ಗ್ರಾಫ್. ಅದರ ಪೀಕಿನ (ಶಿಖರದ) ಅಗಲದಿಂದ ಸ್ಫಟಿಕದ ಗಾತ್ರ ಲೆಕ್ಕ ಹಾಕೋ ಶೆರರ್ ಸೂತ್ರಕ್ಕೆ ಆ ಅಗಲವನ್ನು ರೇಡಿಯನ್‌ನಲ್ಲೇ ಹಾಕಬೇಕು, ಕೋನ ಗ್ರಾಫಿನಲ್ಲಿರೋದರ ಅರ್ಧ. ಉಪಕರಣದ ಪಾಲಿನ ಅಗಲ ಕಳೆಯದಿದ್ದರೆ ಸ್ಫಟಿಕ ಇರೋದಕ್ಕಿಂತ ಚಿಕ್ಕದಾಗಿ ಲೆಕ್ಕಕ್ಕೆ ಬರುತ್ತೆ. ಆ ಪಾಲು ಎಷ್ಟೆಂದು ತಿಳಿಯೋಕೆ ಸ್ಯಾಂಪಲ್ ಕಳಿಸುವಾಗಲೇ ಅದೇ ಯಂತ್ರದ ಸಿಲಿಕಾನ್ ಸ್ಟ್ಯಾಂಡರ್ಡ್ ಸ್ಕ್ಯಾನನ್ನೂ ಕೇಳಿ ತರಿಸಿಕೊಳ್ಳಿ.