ಬುಧವಾರದ ಹುರಿಹಿಟ್ಟು

ಊರಿಂದ ಯಾರು ಫೋನ್ ಮಾಡಿದ್ರೂ ಮೊದ್ಲು ಕೇಳೋದು ಒಂದೇ, ಚಳಿ ಹೆಂಗಪ್ಪಾ ತಡ್ಕೊಂಡಿದೀಯ ಅಂತ. ಚಳಿಗೆ ಜಾಕೆಟ್ ಇದೆ ಸ್ವಾಮಿ, ದುಡ್ಡು ಕೊಟ್ರೆ ಸಿಗುತ್ತೆ. ನನ್ನನ್ನ ಇಲ್ಲಿ ಆಟ ಆಡಿಸ್ತಿರೋದು ಸೂರ್ಯ.

ನಾನಿರೋದು ಮಿನಿಯಾಪೊಲಿಸ್‌ನಲ್ಲಿ, ಪಿಎಚ್‌ಡಿ ಎರಡನೇ ವರ್ಷ, ಸಿವಿಲ್, ಅದರಲ್ಲೂ ಮಣ್ಣಿನ ಕೆಲಸ. ಊರು ಚನ್ನರಾಯಪಟ್ಟಣದ ಹತ್ರ, ನಮ್ಮನೆ ಮಹಡಿ ಮೇಲೆ ನಿಂತ್ರೆ ಶ್ರವಣಬೆಳಗೊಳದ ದೊಡ್ಡಬೆಟ್ಟ ಕಾಣುತ್ತೆ. ಜೈನರ ಮನೆ ಅಂದ್ಮೇಲೆ ಗೊತ್ತಲ್ಲ, ಹೊತ್ತು ಮುಳುಗೋ ಮುಂಚೆ ಊಟ ಮುಗೀಬೇಕು. ನಮ್ಮಜ್ಜಿಯಂತೂ ಎರಡು ಗಳಿಗೆ ಮುಂಚೇನೇ, ಅಂದ್ರೆ 48 ನಿಮಿಷ ಮುಂಚೇನೇ ತಟ್ಟೆ ತೊಳೆದು ಬೋರ್ಲು ಹಾಕ್ಬಿಡ್ತಾರೆ. ಊರಲ್ಲಿ ಇದೊಂದು ವ್ರತ ಅಂತ ನನಗೆ ಯಾವತ್ತೂ ಅನ್ನಿಸೇ ಇರ್ಲಿಲ್ಲ, ಯಾಕಂದ್ರೆ ಹಾಸನದ ಕಡೆ ಸೂರ್ಯ ವರ್ಷವೆಲ್ಲಾ ಹೆಚ್ಚುಕಮ್ಮಿ ಆರರಿಂದ ಏಳರ ಆಸುಪಾಸಿನಲ್ಲೇ ಮುಳುಗ್ತಾನೆ, ಐದೂವರೆಗೆ ಅಮ್ಮ ಕೂಗ್ತಾರೆ, ಹೋಗಿ ಕೂತ್ರೆ ಮುದ್ದೆ ತಟ್ಟೆಗೆ ಬಿದ್ದಿರುತ್ತೆ, ನಾನು ಮಾಡಬೇಕಾಗಿದ್ದು ನುಂಗೋದೊಂದೇ.

ಇಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಸೂರ್ಯ ಮುಳುಗೋದು. ಆಗ ನಾನು ಏನ್ ಮಹಾ ಧರ್ಮಿಷ್ಠ ಅಂತೀರಾ! ಎಂಟೂಮುಕ್ಕಾಲಿಗೆ ಆರಾಮಾಗಿ ಅನ್ನ ಸಾರು ಉಣ್ಕೊಂಡು ಅಜ್ಜಿಗೆ ಫೋಟೋ ಕಳಿಸ್ತಿದ್ದೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಶನಿವಾರ ಆರರ ಹತ್ರ ಮುಳುಗಿದ ಸೂರ್ಯ ಭಾನುವಾರ ಐದು ಗಂಟೆಗೂ ಮುಂಚೆ ಮುಳುಗಿಬಿಡ್ತಾನೆ, ಡಿಸೆಂಬರ್ ಹೊತ್ತಿಗೆ ನಾಲ್ಕೂವರೆ. ನಮ್ಮೂರಲ್ಲಿ ಹುಡುಗ್ರು ಸ್ಕೂಲಿಂದ ಬಂದು ಬ್ಯಾಗ್ ಎಸೆಯೋ ಹೊತ್ತದು.

ಈ ಸಲ ಗಡಿಯಾರ ತಿರುಗಿದ ವಾರದ ಕಥೆ ಹೇಳ್ತೀನಿ.

ನನ್ನ ವಾರ ಹೆಂಗಿರುತ್ತೆ ಅಂದ್ರೆ, ಮೂರು ಕೋರ್ಸು ನಾನು ಓದಬೇಕು, ಜೊತೆಗೆ ಟೀಚಿಂಗ್ ಅಸಿಸ್ಟೆಂಟ್ (ಟಿಎ) ಕೆಲಸ, ಅಂದ್ರೆ ಹುಡುಗ್ರ ಲ್ಯಾಬ್ ನಡೆಸೋದು, ರಿಪೋರ್ಟ್ ತಿದ್ದೋದು. ಅದು ವಾರಕ್ಕೆ 20 ಗಂಟೆ, ಸ್ಟೂಡೆಂಟ್ ವೀಸಾದಲ್ಲಿರೋರಿಗೆ ಸೆಮಿಸ್ಟರ್ ನಡೀವಾಗ ಅದಕ್ಕಿಂತ ಜಾಸ್ತಿ ಕೆಲಸ ಮಾಡೋಕೆ ರೂಲ್ಸೂ ಇಲ್ಲ. ಆ ಕೆಲಸದಿಂದಲೇ ಫೀಸು ಮಾಫಿ, ತಿಂಗಳ ಖರ್ಚಿಗೆ ಒಂದಿಷ್ಟು ಸ್ಟೈಪೆಂಡ್, ಹಂಗಾಗಿ ಬೇಜಾರು ಅಂತ ಬಿಡೋ ಹಂಗಿಲ್ಲ. ಇದರ ಮಧ್ಯೆ ವಾಲಿಬಾಲ್. ಅದ್ಯಾಕಪ್ಪಾ ಅಂತ ಅಪ್ಪ ಕೇಳ್ತಾನೇ ಇರ್ತಾರೆ. ನಮ್ಮ ಕಡೆ ಹೊನಲು ಬೆಳಕಿನ ವಾಲಿಬಾಲ್ ನೋಡ್ಕೊಂಡು ಬೆಳೆದೋನು ನಾನು, ಗದ್ದೆಬಯಲಲ್ಲಿ ಲೈಟ್ ಕಟ್ಟಿ ರಾತ್ರಿಯೆಲ್ಲಾ ಆಡೋರು, ಐದೂವರೆಗೆ ಮುದ್ದೆ ಉಂಡು ಹೋಗಿ ರಾತ್ರಿ ಎರಡು ಗಂಟೆ ತನಕ ಆಡಿದ್ದೀನಿ, ಹೊಟ್ಟೆ ಚುರ್ ಅಂದಿಲ್ಲ. ಇಲ್ಲಿ ಕ್ಯಾಂಪಸ್ ಲೀಗ್‌ನಲ್ಲಿ ನಮ್ಮದೊಂದು ಟೀಮಿದೆ, ನಾಲ್ಕೈದು ದೇಶದವರು, ನಾನು ಕುಳ್ಳಗಿರೋದ್ರಿಂದ ಹಿಂದೆ ನಿಂತು ಬಿದ್ದ ಬಾಲ್ ಎತ್ತೋ ಕೆಲಸ ನಂದು. ಮ್ಯಾಚು ಬುಧವಾರ ರಾತ್ರಿ ಒಂಬತ್ತೂಕಾಲಿಗೆ. ಲ್ಯಾಬ್ ಕೂಡ ಬುಧವಾರವೇ, ಎರಡರಿಂದ ಐದಕ್ಕೆ ಹತ್ತು ನಿಮಿಷ ಇರೋ ತನಕ.

ಸೋಮವಾರ ಮಂಗಳವಾರ ಹೇಳೋಕೇನಿಲ್ಲ. ಕ್ಲಾಸು, ಅಸೈನ್‌ಮೆಂಟು, ಲೈಬ್ರರಿ. ಮಂಗಳವಾರ ರಾತ್ರಿ ಒಂದೂವರೆ ತನಕ ಒಂದು ಪ್ರೋಗ್ರಾಮ್ ಓಡ್ಲಿಲ್ಲ, ಆಮೇಲೆ ನೋಡಿದ್ರೆ ಮೈನಸ್ ಚಿಹ್ನೆ ಬಿಟ್ಟಿದ್ದೆ. ಬಸ್ಸಲ್ಲಿ ಹೋಗ್ತಾ ಬರ್ತಾ ಪಂಚನಮಸ್ಕಾರ ಮಂತ್ರ, ಜಪಸರದ 108 ಮಣಿ ಮುಗಿಯೋದ್ರೊಳಗೆ ಸ್ಟಾಪ್ ಬಂದ್ಬಿಡುತ್ತೆ, ಮಿಕ್ಕಿದ್ದನ್ನ ನಡ್ಕೊಂಡು ಹೋಗ್ತಾ ಮುಗಿಸ್ತೀನಿ. ಬಸದಿ ಅಂತ ನಡ್ಕೊಂಡು ಹೋಗೋ ದೂರದಲ್ಲಿ ಏನೂ ಇಲ್ಲ. ಇಲ್ಲಿ ಸಿಕ್ಕಿರೋ ಜೈನರೆಲ್ಲ ಗುಜರಾತಿ, ಹಿಂದಿ ಮಾತಾಡೋರು, ಒಳ್ಳೇ ಜನ, ಆದ್ರೆ ಪೂಜೆ ಮಧ್ಯ ಕನ್ನಡದಲ್ಲಿ ಒಂದು ಸಾಲು ಕೇಳೋಣ ಅಂತ ಕಿವಿ ಕಾಯ್ತಿರುತ್ತೆ.

ಮಂಗಳವಾರ ಒಂದು ಈಮೇಲ್ ಬಂತು, ಅದನ್ನ ಮಾತ್ರ ಹೇಳ್ಬೇಕು. ನನ್ನ ಲ್ಯಾಬ್ ಬ್ಯಾಚಿನ ಹುಡುಗಿ, ಸೊಮಾಲಿಯಾ ಮೂಲದವಳು, ಈ ಊರಲ್ಲಿ ಸೊಮಾಲಿ ಜನ ತುಂಬಾ ಇದಾರೆ. ಟೈಮ್ ಬದಲಾಗಿರೋದ್ರಿಂದ ಇನ್ಮೇಲೆ ಸೂರ್ಯ ಮುಳುಗಿದ ಕೂಡ್ಲೇ ಮಾಡೋ ಮಗ್ರಿಬ್ ನಮಾಜಿನ ಹೊತ್ತು ಲ್ಯಾಬ್ ಮುಗಿಯೋ ಹೊತ್ತಿಗೇ ಬರುತ್ತೆ, ಮುಂದಿನ ವಾರಗಳಲ್ಲಿ ಲ್ಯಾಬ್ ಒಳಗೇ ಬರುತ್ತೆ, ಹತ್ತು ನಿಮಿಷ ಹೊರಗೆ ಹೋಗಿ ಬರಬಹುದಾ ಅಂತ ಕೇಳಿದ್ಲು. ಒಂದು ನಿಮಿಷಾನೂ ಯೋಚ್ನೆ ಮಾಡ್ಲಿಲ್ಲ ನಾನು, ಧಾರಾಳವಾಗಿ ಹೋಗಿ ಬಾ, ನಿನ್ನ ಗ್ರೂಪಿನವರಿಗೆ ನಾನೇ ಹೇಳ್ತೀನಿ ಅಂತ ಬರೆದೆ. ಬರೆದು ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ನೋಡಿ ನನ್ನ ಬುದ್ಧೀನ, ಅದೇ ಸೂರ್ಯ ನನಗೂ ಮುಳುಗ್ತಾನೆ ಅನ್ನೋದು ತಲೆಗೇ ಬರ್ಲಿಲ್ಲ.

ಬುಧವಾರ ಲಿಕ್ವಿಡ್ ಲಿಮಿಟ್ ಟೆಸ್ಟ್, ಅಂದ್ರೆ ಎಷ್ಟು ನೀರು ಸೇರಿದ್ರೆ ಮಣ್ಣು ಹರಿಯೋ ಹಂಗಾಗುತ್ತೆ ಅಂತ ನೋಡೋದು. ಒದ್ದೆ ಮಣ್ಣನ್ನ ಹಿತ್ತಾಳೆ ಬಟ್ಟಲಿಗೆ ಮೆತ್ತಿ ನಡುವೆ ಒಂದು ಗೀರು ಎಳೀಬೇಕು, ಆಮೇಲೆ ಹ್ಯಾಂಡಲ್ ತಿರುಗಿಸ್ತಾ ಹೋದ್ರೆ ಬಟ್ಟಲು 10 ಮಿಲಿಮೀಟರ್ ಮೇಲಿಂದ ಟಕ್ ಟಕ್ ಅಂತ ಬೀಳುತ್ತೆ, 25ನೇ ಏಟಿಗೆ ಆ ಗೀರು ಅರ್ಧ ಇಂಚು ಕೂಡ್ಕೋಬೇಕು, ಅಷ್ಟಕ್ಕೆ ಕೂಡ್ಕೊಳ್ಳೋವಾಗ ಮಣ್ಣಲ್ಲಿ ಎಷ್ಟು ನೀರಿದೆಯೋ ಅದೇ ಅದರ ಲಿಕ್ವಿಡ್ ಲಿಮಿಟ್. ಕೇಳೋಕೆ ಮಕ್ಕಳಾಟ. ಹಾಸನದಲ್ಲಿ ನಾನು ಬಿಇ ಮಾಡೋವಾಗ ಇದೇ ಟೆಸ್ಟಿಗೆ ಸರ್ ಕೈಲಿ ಬೈಸ್ಕೊಂಡಿದ್ದೆ, ಈಗ ಬೈಯೋ ಜಾಗದಲ್ಲಿ ನಾನಿದೀನಿ, ಆದ್ರೆ ಇಲ್ಲಿ ಬೈಯೋ ಹಂಗಿಲ್ಲ, ಹುಡುಗ್ರು ಹೆಸರು ಹಿಡಿದು ಕರೀತಾರೆ, ನಾವೂ ನಗ್ತಾ ಹೇಳ್ಬೇಕು. ಒಂದು ಗ್ರೂಪಿನವರು ಮಾತಾಡ್ಕೊಂಡು ಏಟಿನ ಲೆಕ್ಕ ತಪ್ಪಿಸ್ಕೊಂಡ್ರು, ಮತ್ತೆ ಮಣ್ಣು ಕಲಸಿದ್ರು, ನೀರು ಜಾಸ್ತಿ ಆಯ್ತು, ಮತ್ತೆ ಕಲಸಿದ್ರು. ನನ್ನ ಬ್ಯಾಗಲ್ಲಿ ಅಮ್ಮ ಕಳಿಸಿದ ರಾಗಿ ಹುರಿಹಿಟ್ಟು ಡಬ್ಬಿಯಲ್ಲಿ, ಪಕ್ಕದಲ್ಲಿ ಬೆಲ್ಲ, ಮೊಸರು, ಕಲಸ್ಕೊಂಡು ತಿನ್ನೋಕೆ ಐದು ನಿಮಿಷ ಸಾಕು. ಆದ್ರೆ ಲ್ಯಾಬ್ ಒಳಗೆ ತಿನ್ನೋ ಹಂಗಿಲ್ಲ, ಬಿಟ್ಟು ಹೊರಗೆ ಹೋದ್ರೆ ನೋಡ್ಕೊಳ್ಳೋರಿಲ್ಲ ಅಂತ ನನ್ನ ಭ್ರಮೆ. ಪಕ್ಕದ ರೂಮಲ್ಲೇ ಇನ್ನೊಬ್ಬ ಟಿಎ ಇದ್ದ, ಕೇಳಬಹುದಿತ್ತು. ಕೇಳ್ಲಿಲ್ಲ. ನಾಲ್ಕೂಮುಕ್ಕಾಲಿಗೆ ಕಿಟಕಿ ಕಡೆ ನೋಡ್ದೆ, ಎದುರಿನ ಇಟ್ಟಿಗೆ ಕಟ್ಟಡದ ಮೇಲೆ ಬೆಳಕು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ಹುಡುಗಿ ಬಾಗಿಲ ಹತ್ರ ನನಗೆ ತಲೆಯಾಡಿಸಿ ಹೊರಗೆ ಹೋದ್ಲು. ಹತ್ತು ನಿಮಿಷಕ್ಕೆ ಸರಿಯಾಗಿ ವಾಪಸ್ ಬಂದು ಕೈ ಒರೆಸ್ಕೊಂಡು ಮಣ್ಣು ತೂಕಕ್ಕಿಟ್ಲು. ನಾನು ಲ್ಯಾಬ್ ಬೀಗ ಹಾಕಿದಾಗ ಐದೂ ಹತ್ತು, ಹೊರಗೆ ಕತ್ತಲು.

ಡಬ್ಬಿ ತೆಗೀಲಿಲ್ಲ. ತೆಗೆದಿದ್ರೆ ಯಾರು ನೋಡೋರು ಹೇಳಿ, ಅಜ್ಜಿ ಹದಿಮೂರೂವರೆ ಸಾವಿರ ಕಿಲೋಮೀಟರ್ ಆಚೆ ಮಲಗಿದಾರೆ. ನಿಜ ಹೇಳ್ಬೇಕಂದ್ರೆ ಆವತ್ತು ನಾನು ತಿನ್ನದೇ ಇದ್ದಿದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ನನ್ನ ಮೇಲೇ ಸಿಟ್ಟು.

ಮ್ಯಾಚಿನ ಬಗ್ಗೆ ಜಾಸ್ತಿ ಕೇಳ್ಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ ಎರಡು ಚಪಾತಿ ತಿಂದವನು ರಾತ್ರಿ ಹತ್ತಕ್ಕೆ ಎಷ್ಟು ಡೈವ್ ಹೊಡೀತಾನೆ. ಒಂದೊಂದು ಸೆಟ್ ಆಗಿ ಮೂರನೇದು 15 ಪಾಯಿಂಟಿಗೆ, 13-13 ಇತ್ತು, ಸೀದಾ ನನ್ನ ಕೈಗೆ ಬಂದ ಸರ್ವ್, ಕಣ್ಣು ಮುಂದೆ ಚುಕ್ಕಿ ಚುಕ್ಕಿ, ಬಾಲ್ ಹೋಗಿ ಸೀಲಿಂಗಿಗೆ ಬಡೀತು. ಮುಂದಿನ ಪಾಯಿಂಟೂ ಹೋಯ್ತು. ಆಮೇಲೆ ಎಲ್ಲರೂ ತಿನ್ನೋಕೆ ಕೂತ್ರು, ಟೇಬಲ್ ತುಂಬ ಆಲೂಗಡ್ಡೆ ಫ್ರೈಸ್. ನಾನು ಬರೀ ನೀರು ಕುಡೀತಾ ಕೂತಿದ್ದು ನೋಡಿ ಬ್ರೆಜಿಲ್ ಹುಡುಗ ಫ್ರೈಸ್ ಈ ಕಡೆ ತಳ್ಳಿದ. ನೆಲದೊಳಗೆ ಬೆಳೆಯೋ ಗಡ್ಡೆ ನಾವು ತಿನ್ನಲ್ಲ ಅಂದೆ. ನಿಮ್ಮೂರಲ್ಲಿ ಏನು ಬೆಳೀತಾರೆ ಅಂದ. ಏನಂತ ಹೇಳ್ಲಿ, ಹಾಸನ ಜಿಲ್ಲೆ ಹೆಸರುವಾಸಿ ಆಗಿರೋದೇ ಆಲೂಗಡ್ಡೆಗೆ ಅಂದಾಗ ಟೇಬಲ್ಲಿಗೆ ಟೇಬಲ್ಲೇ ನಕ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ಅಮ್ಮನ ವಿಡಿಯೋ ಕಾಲ್. ನನಗೆ ಆರು ಅಂದ್ರೆ ಅಲ್ಲಿ ಸಂಜೆ ಐದೂವರೆ, ಅವರ ಊಟದ ಹೊತ್ತು, ಇಲ್ಲಿ ಇನ್ನೂ ಸೂರ್ಯನೇ ಹುಟ್ಟಿಲ್ಲ. ಅವರು ದಿನದ ಕೊನೇ ತುತ್ತು ತಿಂತಿದಾರೆ, ನಾನು ಮೊದಲನೇ ತುತ್ತಿಗೆ ಕಾಯ್ತಿದೀನಿ. ಮುಖ ನೋಡೇ ಅಮ್ಮಂಗೆ ಗೊತ್ತಾಯ್ತು. ಎಲ್ಲಾ ಹೇಳ್ದೆ. ಅಜ್ಜಿ ಹಿಂದಿನಿಂದ ಕೇಳಿಸ್ಕೊಂಡು, "ಅಲ್ಲ ಕಣೋ, ಆ ಹುಡ್ಗಿ ಬಾಯಿ ಬಿಟ್ಟು ಕೇಳಿದ್ಲು, ನಿಂಗೇನಾಗಿತ್ತು ರೋಗ?" ಅಂದ್ರು. ಉಪವಾಸ ಮಾಡ್ದೆ ಅಂತ ಅಜ್ಜಿ ಹೊಗಳ್ತಾರೆ ಅಂದ್ಕೊಂಡಿದ್ದೆ ನಾನು!

ಅವತ್ತೇ ಪ್ರೊಫೆಸರ್ ಹತ್ರ ಹೋದೆ. ಮನಸ್ಸಲ್ಲಿ ದೊಡ್ಡ ಭಾಷಣ ರೆಡಿ ಮಾಡ್ಕೊಂಡಿದ್ದೆ, ಧರ್ಮ, ಸಂಪ್ರದಾಯ, ಅಹಿಂಸೆ, ರಾತ್ರಿ ಹೊತ್ತು ದೀಪಕ್ಕೆ ಬೀಳೋ ಹುಳುಹುಪ್ಪಟೆ ತನಕ. ಎರಡನೇ ವಾಕ್ಯಕ್ಕೇ ಅವರು ತಡೆದ್ರು, ಹದಿನೈದು ನಿಮಿಷ ಸಾಕಾ, ಅಷ್ಟೇನಾ, ಇದನ್ನ ಆಗಸ್ಟ್‌ನಲ್ಲೇ ಹೇಳೋದಲ್ವಾ ಅಂತ. ಪಕ್ಕದ ರೂಮಿನ ಟಿಎಗೆ ಅಲ್ಲೇ ಮೆಸೇಜ್ ಹಾಕಿದ್ರು, ನಾಲ್ಕೂಕಾಲಿಂದ ನಾಲ್ಕೂವರೆ ತನಕ ಎರಡೂ ರೂಮು ಅವನು ನೋಡ್ಕೊಳ್ಳೋದು, ಆಮೇಲೆ ಅವನಿಗೆ ಕಾಫಿಗೆ ಬಿಡುವು ನಾನು ಕೊಡೋದು. ಮಾತು ಮುಗಿಯೋಕೆ ಮೂರು ನಿಮಿಷ ಹಿಡೀಲಿಲ್ಲ. ಹೊರಗೆ ಬಂದ್ಮೇಲೆ ಆ ಭಾಷಣ ಹಂಗೇ ಬಾಯಲ್ಲಿ ಉಳಿದಿತ್ತು. 2018ರ ಮಹಾಮಸ್ತಕಾಭಿಷೇಕದಲ್ಲಿ ಬಂದ ಜನಕ್ಕೆಲ್ಲ ನೀರು ಕೊಟ್ಕೊಂಡು, ಗೊತ್ತಿಲ್ಲದ ಭಾಷೆಯೋರ ಹತ್ರಾನೂ ಸಂಕೋಚ ಇಲ್ದೆ ಮಾತಾಡ್ತಿದ್ದ ಹುಡುಗ ನಾನು. ಇಲ್ಲಿ ನನಗೋಸ್ಕರ ಒಂದು ಸಣ್ಣ ಬಿಡುವು ಕೇಳೋಕೆ ನಾಲಿಗೆ ಎದ್ದಿರ್ಲಿಲ್ಲ.

ಶುಕ್ರವಾರ ಶನಿವಾರ 44 ಲ್ಯಾಬ್ ರಿಪೋರ್ಟು ತಿದ್ದೋದ್ರಲ್ಲೇ ಹೋಯ್ತು, ಏಟಿನ ಲೆಕ್ಕ ತಪ್ಪಿಸ್ಕೊಂಡ ಗ್ರೂಪಿನ ಗ್ರಾಫು ಮಾತ್ರ ಪರ್ಫೆಕ್ಟಾಗಿತ್ತು, ಹೆಂಗೆ ಅಂತ ನನಗೂ ಅನುಮಾನವೇ.

ಮುಂದಿನ ಬುಧವಾರ ನಾಲ್ಕೂಕಾಲಿಗೆ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆಗೆದೆ. ಒಬ್ಬ ಸ್ಟೂಡೆಂಟ್ ಮೇಲಿಂದ ಇಳೀತಾ ನೋಡಿ, ಅದು ಲ್ಯಾಬಿನ 200 ನಂಬರ್ ಜರಡೀಲಿ ಸೋಸಿದ ನುಣ್ಣನೆ ಮಣ್ಣಿನ ಸ್ಯಾಂಪಲ್ಲಾ ಅಂತ ಗಾಬರಿಯಿಂದ ಕೇಳ್ದ. ಬಣ್ಣ ಹಂಗೇ ಇದೆ, ಅವನ ತಪ್ಪಲ್ಲ. ಒಂದು ಚಮಚ ಕೊಟ್ಟೆ, ಮುಖ ಕಿವುಚಿದ, ಆಮೇಲೆ ಇನ್ನೊಂದು ಚಮಚ ಕೇಳ್ದ. ಕೈ ತೊಳ್ಕೊಂಡು ನಾನು ಒಳಗೆ ಬಂದು ಸ್ವಲ್ಪ ಹೊತ್ತಿಗೆ ಆ ಹುಡುಗಿ ಎದ್ದು ಹೊರಗೆ ಹೋದ್ಲು.

ಅವತ್ತು ಮ್ಯಾಚ್ ಗೆದ್ವಿ. ಬೆಳಿಗ್ಗೆ ಅಮ್ಮಂಗೆ ಹೇಳಿದ್ರೆ, ಮ್ಯಾಚ್ ಬಿಡು, ಹಿಟ್ಟು ಇನ್ನೆಷ್ಟಿದೆ ಅದು ಹೇಳು ಅಂದ್ರು. ಮಾರ್ಚಲ್ಲಿ ಗಡಿಯಾರ ಮುಂದಕ್ಕೆ ತಿರುಗೋ ತನಕ ಬರಬೇಕು, ಡಬ್ಬಿ ಅಲ್ಲಾಡಿಸಿ ನೋಡಿದ್ರೆ ಅರ್ಧಕ್ಕಿಂತ ಕಮ್ಮಿ ಇದೆ. ಹಾಸನದ ಕಡೆಯಿಂದ ಡಿಸೆಂಬರ್‌ನಲ್ಲಿ ಯಾರಾದ್ರೂ ಈ ಕಡೆ ಬರೋರಿದ್ರೆ ಹೇಳಿ, ಎರಡು ಕೆಜಿಗಿಂತ ಜಾಸ್ತಿ ಆಗಲ್ಲ.