ಪದರ ಪೆರೋವ್‌ಸ್ಕೈಟ್: 'ಎಲ್ಲವೂ ಎಕ್ಸೈಟಾನೇ' ಎನ್ನುವ ಮುನ್ನ ಲೇಸರ್ ಎಷ್ಟು ಮೈಕ್ರೋವ್ಯಾಟ್ ಅಂತ ನೋಡಿ

ಪದರ ಪೆರೋವ್‌ಸ್ಕೈಟ್ ಎಂಬ ಅರೆವಾಹಕ ಹರಳಿನ ಬಗ್ಗೆ ಬರುವ ಬಹುಪಾಲು ವಿವರಣೆ ಒಂದು ಲೆಕ್ಕದಿಂದ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಲೆಡ್ ಅಯೋಡೈಡ್‌ನ ತೆಳು ಹಾಳೆ, ಅದರ ಮೇಲೂ ಕೆಳಗೂ ಉದ್ದ ಬಾಲದ ಸಾವಯವ ಅಮೋನಿಯಂ ಅಯಾನುಗಳು. ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್, ಅದು ಬಿಟ್ಟುಹೋದ ಖಾಲಿ ಜಾಗವಾದ ಹೋಲ್ ಎರಡೂ ಹಾಳೆಯೊಳಗೇ ಸಿಕ್ಕಿಕೊಂಡಿರುತ್ತವೆ. ಸಾವಯವ ಪದರದ ಡೈಎಲೆಕ್ಟ್ರಿಕ್ ಸ್ಥಿರಾಂಕ ಕಡಿಮೆಯಾದ್ದರಿಂದ ಅವುಗಳ ನಡುವಿನ ಸೆಳೆತ ಕುಗ್ಗುವುದಿಲ್ಲ. ಹೀಗಾಗಿ ಸಾವಯವ ಪದರಗಳ ನಡುವೆ ಒಂದೊಂದೇ ಹಾಳೆ ಇರುವ (ಎನ್=1; ಎರಡಿದ್ದರೆ ಎನ್=2) ಹರಳಿನಲ್ಲಿ ಎಕ್ಸೈಟಾನ್‌ನ, ಅಂದರೆ ಅಂಟಿಕೊಂಡ ಎಲೆಕ್ಟ್ರಾನ್-ಹೋಲ್ ಜೋಡಿಯ, ಬಂಧಕ ಶಕ್ತಿ 200 ಮಿಲಿಎಲೆಕ್ಟ್ರಾನ್‌ವೋಲ್ಟ್ ದಾಟುತ್ತದೆ. 1989ರಷ್ಟು ಹಿಂದೆಯೇ ಇಶಿಹಾರ ಮತ್ತು ಸಂಗಡಿಗರು ಡೆಸೈಲ್ ಅಮೋನಿಯಂ ಹರಳಿನಲ್ಲಿ ಇದನ್ನು ಅಳೆದಿದ್ದರು. ಕೋಣೆಯ ಉಷ್ಣತೆ ಕೊಡುವ ಶಕ್ತಿ ಬರೀ 26. 'ಬಂಧ ಹತ್ತು ಪಟ್ಟು ಗಟ್ಟಿ, ಆದ್ದರಿಂದ ಬಿಡಿ ವಾಹಕಗಳೇ (ಜೋಡಿಯಿಲ್ಲದ ಎಲೆಕ್ಟ್ರಾನ್, ಹೋಲ್) ಇಲ್ಲ' ಎಂಬ ತೀರ್ಮಾನ ಬರುವುದು ಹೀಗೆ. ಅರ್ಧ ಸತ್ಯ.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದು ಸಾಂದ್ರತೆ. ಖಾಲಿ ಬಯಲಿನಲ್ಲಿ ಕೈತಪ್ಪಿದ ಇಬ್ಬರು ಮತ್ತೆ ಸಿಗುವುದು ಕಷ್ಟ; ಎಲೆಕ್ಟ್ರಾನ್-ಹೋಲ್ ಜೋಡಿಯ ಪಾಡೂ ಅದೇ. ಬಿಡಿ ಕಣಗಳಿಗೂ ಜೋಡಿಗಳಿಗೂ ನಡುವಿನ ಸಮತೋಲನವನ್ನು ಹೇಳುವ ಸಾಹಾ ಸಮೀಕರಣದ ಎರಡು ಆಯಾಮದ ರೂಪವನ್ನು ಹಾಕಿ ನೋಡಿ: ಬಿಡಿ ಎಲೆಕ್ಟ್ರಾನ್ ಸಾಂದ್ರತೆಯನ್ನು ಬಿಡಿ ಹೋಲ್ ಸಾಂದ್ರತೆಯಿಂದ ಗುಣಿಸಿ, ಎಕ್ಸೈಟಾನ್ ಸಾಂದ್ರತೆಯಿಂದ ಭಾಗಿಸಿದರೆ ಬರುವ ಸಂಖ್ಯೆ ತಾಪ, ದ್ರವ್ಯರಾಶಿ, ಬಂಧಕ ಶಕ್ತಿಗಳಿಂದಲೇ ನಿರ್ಧಾರವಾಗುತ್ತದೆ. ಬಂಧಕ ಶಕ್ತಿ 200 ಮಿಲಿಎಲೆಕ್ಟ್ರಾನ್‌ವೋಲ್ಟ್, ಸಂಕ್ಷಿಪ್ತ ದ್ರವ್ಯರಾಶಿ ಎಲೆಕ್ಟ್ರಾನಿನ 0.2 ಪಟ್ಟು, ತಾಪ 300 ಕೆಲ್ವಿನ್ ಎಂದಿಟ್ಟರೆ ಆ ಸಂಖ್ಯೆ ಚದರ ಸೆಂಟಿಮೀಟರಿಗೆ ಸುಮಾರು 5×10⁸. ಪ್ರತಿ ಹಾಳೆಯ ಚದರ ಸೆಂಟಿಮೀಟರಿನಲ್ಲಿ 10¹¹ ಜೋಡಿಗಳಿದ್ದಾಗ ಸುಮಾರು ಶೇ. 7 ಮಾತ್ರ ಬಿಡಿಯಾಗಿರುತ್ತವೆ. 10⁹ಕ್ಕೆ ಇಳಿಸಿದರೆ ಸರಿಯಾಗಿ ಅರ್ಧ! ಬಂಧಕ ಶಕ್ತಿ 300 ಇದ್ದರೂ 10⁹ರಲ್ಲಿ ಶೇ. 10ರಷ್ಟು ಬಿಡಿ.

ಇದು ಕಾಗದದ ಮೇಲಿನ ಸಾಂದ್ರತೆಯಲ್ಲ. 405 ನ್ಯಾನೋಮೀಟರ್ ಲೇಸರಿನ 1 ಮೈಕ್ರೋವ್ಯಾಟ್ ಎಂದರೆ ಸೆಕೆಂಡಿಗೆ 2×10¹² ಫೋಟಾನ್. 2 ಮೈಕ್ರೋಮೀಟರ್ ವ್ಯಾಸದ ಚುಕ್ಕೆ, 1 ನ್ಯಾನೋಸೆಕೆಂಡ್ ಆಯುಷ್ಯ, 100 ನ್ಯಾನೋಮೀಟರ್ ಆಳದಲ್ಲಿ ಸುಮಾರು 60 ಹಾಳೆ ಎಂದು ಹಿಡಿದರೆ ಪ್ರತಿ ಹಾಳೆಯ ಚದರ ಸೆಂಟಿಮೀಟರಿಗೆ ಹತ್ತಿರಹತ್ತಿರ 10⁹ ಜೋಡಿ. ಬಿಸಿಲಿನಲ್ಲಾದರೆ ಇದರ ಸಾವಿರದ ಒಂದು ಪಾಲೂ ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ 100 ಮೈಕ್ರೋವ್ಯಾಟ್ ಹೊಡೆದು 'ಇಲ್ಲಿ ಎಕ್ಸೈಟಾನ್ ಮಾತ್ರ' ಎಂದು ಕಂಡದ್ದನ್ನು ಸೌರಕೋಶಕ್ಕೆ ಅನ್ವಯಿಸುವುದು ಹಾಗಾಗಿ ತಪ್ಪು. ಸಾಹಾ ಲೆಕ್ಕ ಸಮತೋಲನವನ್ನು ನಂಬಿದ್ದು, ವಾಹಕಗಳನ್ನು ಹಿಡಿದಿಡುವ ಹರಳಿನ ದೋಷಗಳಾದ ಟ್ರ್ಯಾಪ್‌ಗಳನ್ನು ಗಣಿಸುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೇ ಅಳೆದು ನೋಡಬೇಕು.

ಅಳೆಯುವ ದಾರಿ ಸರಳ. ಒಂದೇ ಚುಕ್ಕೆಯಲ್ಲಿ ಲೇಸರ್ ಶಕ್ತಿಯನ್ನು 1 ನ್ಯಾನೋವ್ಯಾಟ್‌ನಿಂದ 10 ಮೈಕ್ರೋವ್ಯಾಟ್‌ವರೆಗೆ ಏರಿಸಿ, ಮತ್ತೆ ಇಳಿಸಿ; ಪ್ರತಿ ಹಂತದಲ್ಲೂ ಹರಳು ಎಷ್ಟು ಬೆಳಗುತ್ತದೆ ಎಂದು ಲೇಸರ್ ಶಕ್ತಿಗೆ ಎದುರಾಗಿ ಗುರುತಿಸಿ. ಇಳಿಯುವಾಗಿನ ಗೆರೆ ಏರುವಾಗಿನದರ ಮೇಲೆ ಕೂರದಿದ್ದರೆ ಹರಳು ಸುಟ್ಟಿದೆ. ಆ ದತ್ತಾಂಶ ಬಿಟ್ಟುಬಿಡಿ. ಲಾಗ್-ಲಾಗ್ ನಕ್ಷೆಯಲ್ಲಿ ಇಳಿಜಾರು 1 ಬಂದರೆ ಎಕ್ಸೈಟಾನ್ ಪ್ರಾಬಲ್ಯ. ಕಡಿಮೆ ಶಕ್ತಿಯಲ್ಲಿ 1ಕ್ಕಿಂತ ಹೆಚ್ಚಾಗಿ 2ರ ಕಡೆ ವಾಲಿದರೆ ಬಿಡಿ ವಾಹಕಗಳು ಹುಡುಕಿಕೊಂಡು ಸೇರುತ್ತಿವೆ, ಇಲ್ಲವೇ ಟ್ರ್ಯಾಪ್‌ಗಳು ತುಂಬಿಕೊಳ್ಳುತ್ತಿವೆ. ಇವೆರಡನ್ನು ಬೇರ್ಪಡಿಸಲು ಬೇರೆ ಬೇರೆ ಸಲ ಬೆಳೆಸಿದ ಹರಳುಗಳನ್ನು ಹೋಲಿಸಿ: ತಿರುವು ಹರಳಿನಿಂದ ಹರಳಿಗೆ ಅಲೆದಾಡಿದರೆ ಟ್ರ್ಯಾಪ್ ಮೇಲೆ ಅನುಮಾನಪಡಿ. ಮೇಲ್ತುದಿಯಲ್ಲಿ ಇಳಿಜಾರು 1ಕ್ಕಿಂತ ಕಡಿಮೆಯಾಗುವುದು ಎಕ್ಸೈಟಾನ್‌ಗಳು ಪರಸ್ಪರ ಡಿಕ್ಕಿ ಹೊಡೆದು ಒಂದು ನಾಶವಾಗುವುದರಿಂದಲೋ ಬರಿಯ ಬಿಸಿಯಿಂದಲೋ ಇರಬಹುದು. ಚಾಪರ್ (ಬೆಳಕನ್ನು ಬಿಟ್ಟುಬಿಟ್ಟು ತಡೆಯುವ ತಿರುಗುವ ಚಕ್ರ) ಹಾಕಿ ಲೇಸರನ್ನು ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಟ್ಟಾಗ ಇಳಿಜಾರು ಸರಿಹೋದರೆ ತಪ್ಪು ಬಿಸಿಯದು.

ಇಷ್ಟೆಲ್ಲ ಅಳೆದರೂ ಹರಳು ಶುದ್ಧವಿಲ್ಲದಿದ್ದರೆ ವ್ಯರ್ಥ. ಬ್ಯುಟೈಲ್ ಅಮೋನಿಯಂ ಸರಣಿಯಲ್ಲಿ ಎನ್=1 ಸುಮಾರು 520, ಎನ್=2 ಸುಮಾರು 580, ಎನ್=3 ಸುಮಾರು 615 ನ್ಯಾನೋಮೀಟರಿನಲ್ಲಿ ಬೆಳಗುತ್ತವೆ. ಎನ್=2ರಲ್ಲಿ ಚೂರು ಎನ್=3 ಬೆರೆತರೂ ಸಾಕು, ವಾಹಕಗಳು ಕಡಿಮೆ ಶಕ್ತಿಯ ಆ ಚೂರಿಗೇ ಜಾರಿ ಅಲ್ಲಿಂದಲೇ ಬೆಳಗುತ್ತವೆ.

ಎನ್=2ಕ್ಕೆ ಆಮ್ಲದಿಂದ ಬೆಳೆಸುವ ಹಳೆಯ ವಿಧಾನವೇ ಸಾಕು: 10 ಮಿಲಿಮೋಲ್ (2.23 ಗ್ರಾಂ) ಲೆಡ್ ಆಕ್ಸೈಡ್, ಶೇ. 57ರ ಹೈಡ್ರೋಅಯೋಡಿಕ್ ಆಮ್ಲ 10 ಮಿ.ಲೀ., ಶೇ. 50ರ ಹೈಪೋಫಾಸ್ಫರಸ್ ಆಮ್ಲ 1.7 ಮಿ.ಲೀ. ಕಲಕುತ್ತ ಕುದಿಸಿದರೆ ತಿಳಿ ಹಳದಿ ದ್ರಾವಣ. ಅದಕ್ಕೆ ಮೀಥೈಲ್ ಅಮೋನಿಯಂ ಕ್ಲೋರೈಡ್ 338 ಮಿ.ಗ್ರಾಂ; ಮೊದಲು ಕಪ್ಪು ಪುಡಿ ಬಿದ್ದು ಕರಗುತ್ತದೆ. ಇನ್ನೊಂದು ಬೀಕರಿನಲ್ಲಿ, ಐಸಿನ ಮೇಲೆ, ಬ್ಯುಟೈಲಮೀನ್ 0.69 ಮಿ.ಲೀ. (7 ಮಿಲಿಮೋಲ್) ಅನ್ನು 5 ಮಿ.ಲೀ. ಹೈಡ್ರೋಅಯೋಡಿಕ್ ಆಮ್ಲಕ್ಕೆ ಹನಿಹನಿಯಾಗಿ ಸೇರಿಸಿ. ಎರಡನ್ನೂ ಬೆರೆಸಿ, ಮತ್ತೆ ಕುದಿಸಿ ಎಲ್ಲ ಕರಗಿದ ಮೇಲೆ ಕಲಕುವುದನ್ನು ನಿಲ್ಲಿಸಿ. ತಣಿಯುತ್ತಿದ್ದಂತೆ ಚೆರ್ರಿ ಕೆಂಪಿನ ಆಯತಾಕಾರದ ತಟ್ಟೆಗಳು ಕಾಣಿಸುತ್ತವೆ. ಎರಡು ಗಂಟೆ ಸಾಕು.

ಸೂತ್ರದ ಪ್ರಕಾರ ಬ್ಯುಟೈಲಮೀನ್ 10 ಮಿಲಿಮೋಲ್ ಬೇಕು, ಹಾಕುವುದು 7. ಬೇಕೆಂದೇ ಕಡಿಮೆ. ಪೂರ್ತಿ ಹಾಕಿದರೆ ಎನ್=1 ಬೆರೆತುಕೊಳ್ಳುತ್ತದೆ. ಎನ್=3ಕ್ಕಂತೂ ಲೆಕ್ಕದ ಅರ್ಧದಷ್ಟೇ ಹಾಕುತ್ತಾರೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಅಯೋಡಿನ್ ಬಿಡುಗಡೆಯಾಗಿದೆ, ಹೈಪೋಫಾಸ್ಫರಸ್ ಸಾಲದು ಎಂದರ್ಥ. ಆದರೆ ಬತ್ತುವವರೆಗೆ ಕಾಯಿಸಲೇಬೇಡಿ: ಆ ಆಮ್ಲ ಒಡೆದು ವಿಷಕಾರಿ, ಹೊತ್ತಿಕೊಳ್ಳುವ ಫಾಸ್ಫೀನ್ ಬರುತ್ತದೆ. ಫ್ಯೂಮ್ ಹುಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು; ಸೀಸದ ತ್ಯಾಜ್ಯ ಸಿಂಕಿಗೆ ಹೋಗಬಾರದು. ಹರಳನ್ನು ನೀರಿನಲ್ಲಿ ತೊಳೆಯಬೇಡಿ, ಅಮೋನಿಯಂ ಲವಣ ಕರಗಿ ಹಳದಿ ಲೆಡ್ ಅಯೋಡೈಡ್ ಉಳಿಯುತ್ತದೆ. ಸಕ್ಷನ್ ಫಿಲ್ಟರ್ ಮಾಡಿ ನಿರ್ವಾತದಲ್ಲಿ ಒಣಗಿಸಿದರಾಯಿತು.

ರೋಹಿತ ಓದುವಾಗಲೂ ಮೋಸಹೋಗಬಹುದು. ದಪ್ಪ ಹರಳು ತನ್ನ ಬೆಳಕಿನ ನೀಲಿ ಬದಿಯನ್ನು ತಾನೇ ನುಂಗುತ್ತದೆ. ಶಿಖರ ಕೆಂಪಿನತ್ತ ಸರಿದು, ಕೆಲವೊಮ್ಮೆ ಎರಡಾಗಿ ಕಾಣುತ್ತದೆ. ಸ್ಕಾಚ್ ಟೇಪಿನಿಂದ ತೆಳುವಾಗಿ ಸುಲಿದು ಮತ್ತೆ ಅಳೆಯಿರಿ. ಎರಡನೇ ಶಿಖರ ಮಾಯವಾದರೆ ಅದು ಹೊಸ ಭೌತವಿಜ್ಞಾನವಲ್ಲ. ತಣಿಸುತ್ತ ಹೋದರೆ ಬ್ಯುಟೈಲ್ ಎನ್=1 ಹರಳು 274 ಕೆಲ್ವಿನ್ ಆಸುಪಾಸಿನಲ್ಲಿ ರಚನೆ ಬದಲಿಸಿ, ಅದರ ಬೆಳಕು ನೀಲಿಯತ್ತ ಜಿಗಿಯುತ್ತದೆ. ತಾಪದ ಸರಣಿ ಮಾಡುವವರು ಅದರ ಎರಡೂ ಬದಿಯ ಬಿಂದುಗಳ ಮೂಲಕ ಒಂದೇ ಗೆರೆ ಎಳೆಯಬಾರದು.

ಇನ್ನು ಅಗಲವಾದ, ಮಂಕಾದ ಹೊಳಪಿನ ವಿಷಯ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೇಮಮಾಲಾ ಕರುಣದಾಸ ಅವರ ಗುಂಪು ಪದರ ಬ್ರೋಮೈಡ್ ಹರಳುಗಳಿಂದ ಬಿಳಿ ಬೆಳಕು ಬರುವುದನ್ನು ತೋರಿಸಿತು. ಜಾಲಕವನ್ನು ತಗ್ಗಿಸಿಕೊಂಡು ತಾನೇ ಅದರೊಳಗೆ ಸಿಕ್ಕಿಬೀಳುವ ಎಕ್ಸೈಟಾನ್ ಅದಕ್ಕೆ ಕಾರಣ. ಅಂದಿನಿಂದ ಅಯೋಡೈಡ್‌ಗಳ ಕೆಂಪು ಅಗಲ ಪಟ್ಟೆಗೂ ಅದೇ ಹೆಸರು ಹಚ್ಚುವ ರೂಢಿ ಬಂದಿದೆ. ಪರೀಕ್ಷೆ ಎರಡು: ಲೇಸರಿನ ವ್ಯಾಟ್ ಏರಿಸಿದಾಗ ಅಗಲ ಪಟ್ಟೆ ಬೆಳೆಯುವುದನ್ನು ಬೇಗ ನಿಲ್ಲಿಸಿ, ಚೂಪಾದ ಶಿಖರ ಮಾತ್ರ ಬೆಳೆದರೆ ದೋಷಗಳು ತುಂಬಿಹೋಗಿವೆ. ಎಕ್ಸೈಟಾನ್ ಹುಟ್ಟಲು ಬೇಕಾದುದಕ್ಕಿಂತ ಫೋಟಾನ್ ಶಕ್ತಿ ಕಡಿಮೆ ಇರುವ ಲೇಸರ್ ಹಾಕಿದರೂ ಅದೇ ಪಟ್ಟೆ ಬಂದರೆ ಎಕ್ಸೈಟಾನ್ ಹುಟ್ಟುವ ಮಾತೇ ಇಲ್ಲ. ಬೆಳಕು ದೋಷದಿಂದಲೇ ಬಂದದ್ದು.